ಎದುರಿನ ಹಲಗೆ

ನಮ್ಮ ಮನೆಯಲ್ಲಿ ಜಾಡಿಗಳಿಗೆ ಎರಡೇ ಜಾತಿ. ಮಾತಾಡುವುದು ಒಂದು, ಮೂಗ ಇನ್ನೊಂದು.

ಸುಟ್ಟು ತೆಗೆದ ಪ್ರತಿಯೊಂದು ಉಪ್ಪಿನಕಾಯಿ ಜಾಡಿಯನ್ನೂ ಅಮ್ಮ ತನ್ನ ಮುಂದೆ ಇಟ್ಟುಕೊಂಡು, ಬಲಗೈಯ ನಡುಬೆರಳನ್ನು ಮಡಚಿ, ಗೆಣ್ಣಿನಿಂದ ಅದರ ಹೊಟ್ಟೆಗೊಮ್ಮೆ ಹೆಗಲಿಗೊಮ್ಮೆ ತಟ್ಟುತ್ತಿದ್ದಳು. ಗಟ್ಟಿ ಜಾಡಿಯಾದರೆ ಠಣ್ ಎಂದು ಎದ್ದ ದನಿ ಒಂದೆರಡು ಕ್ಷಣ ಗಾಳಿಯಲ್ಲಿ ನಿಲ್ಲುತ್ತದೆ. ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೆ, ಅದು ಕಣ್ಣಿಗೆ ಕಾಣದಿದ್ದರೂ, ದನಿ ಹುಟ್ಟಿದಲ್ಲೇ ಸಾಯುತ್ತದೆ. ಹಲಸಿನಕಾಯಿ ತಟ್ಟಿದ ಹಾಗೆ ಬದ್ ಎನ್ನುತ್ತದೆ. "ಮಾತಾಡ್ತೈತೆ" ಎಂದು ಅಮ್ಮ ಹೇಳಿದರೆ ಗಿರಾಕಿ ಆ ಜಾಡಿಯನ್ನು ಕಣ್ಣುಮುಚ್ಚಿ ಒಯ್ಯಬಹುದು. "ಮೂಗ" ಎಂದರೆ ಪಕ್ಕದಲ್ಲಿದ್ದ ಸುತ್ತಿಗೆ ಎತ್ತಿ ಗಿರಾಕಿಯ ಎದುರಿಗೇ ಒಡೆಯುತ್ತಿದ್ದಳು. ಅನುಮಾನ ಬಂದರೂ ಒಡೆಯುತ್ತಿದ್ದಳು. "ಮನೇಲಿಟ್ಕೊಂಡ್ರೆ ಒಂದಿನ ಮಾರೋ ಆಸೆ ಬತ್ತದೆ" ಎನ್ನುವುದು ಅವಳ ಸಮಜಾಯಿಷಿ. ಅಪ್ಪ ವಾರಗಟ್ಟಲೆ ತಿಗರಿಯ ಮೇಲೆ ಎತ್ತಿ, ಒಣಗಿಸಿ, ಮೆರುಗು ಬಳಿದು, ಎರಡು ದಿನ ಬೆಂಕಿಯ ಮುಂದೆ ನಿಂತು ಸುಟ್ಟ ಜಾಡಿ ಅರೆಗಳಿಗೆಯಲ್ಲಿ ಚೂರಾಗುತ್ತಿತ್ತು. ಅಪ್ಪ ಮತ್ತೆ ತಿಗರಿಗೆ ಮಣ್ಣು ಹಾಕುತ್ತಿದ್ದ.

ಬಸ್ತಿಹಳ್ಳಿಯಲ್ಲಿ ನಮ್ಮ ಶೆಡ್ಡು ರಸ್ತೆಗೆ ಬೆನ್ನು ಮಾಡಿಕೊಂಡಿದೆ. ಹಳೇಬೀಡಿಗೆ ಬರುವ ಪ್ರವಾಸಿಗಳು ಬಸದಿ ನೋಡಿಕೊಂಡು ಹಾಗೇ ಹೋಗಿಬಿಡುತ್ತಾರೆ. ನಮಗೆ ಬೇಕಾದವರು ಬೇರೆ. ಮಾವಿನಮಿಡಿ ಬರುವ ಹೊತ್ತಿಗೆ ಅರಸೀಕೆರೆ, ಬಾಣಾವರ, ಬೇಲೂರು ಕಡೆಯ ಹೆಂಗಸರು ಕೇಳಿಕೊಂಡು ಬರುತ್ತಾರೆ. ಹೆಗಲು ಕಂದು, ಹೊಟ್ಟೆ ಬಿಳುಪು, ಅಂಥ ಜಾಡಿ ಪೇಟೆಯಲ್ಲೂ ಸಿಗುತ್ತದೆ. ಆದರೆ ಅವರು ಕೇಳುವುದು "ಸಾವಿತ್ರಮ್ಮ ತಟ್ಟಿದ್ದು". ಅಪ್ಪನ ಹೆಸರು ರಾಮಣ್ಣ ಎಂದು ಎಷ್ಟೋ ಗಿರಾಕಿಗಳಿಗೆ ಗೊತ್ತೇ ಇರಲಿಲ್ಲ. ಅಪ್ಪನಿಗೆ ಅದರಿಂದ ಬೇಜಾರಿದ್ದಂತೆ ನನಗೆ ಕಂಡಿಲ್ಲ.

ಅಪ್ಪ ಮಾತಾಡುತ್ತಿದ್ದುದು ಬಿರುಕಿನ ವಿಷಯಕ್ಕೆ ಮಾತ್ರ. ನಾನು ಬೇಲೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಸಂಜೆ ಬಸ್ಸಿಳಿದು ಬಂದರೆ ಶೆಡ್ಡಿನಲ್ಲಿ ಅಪ್ಪ ಕಾದಿರುತ್ತಿದ್ದ. ಹಸಿ ಜಾಡಿಯ ಬಾಯಿ ಬೇಗ ಒಣಗಿ ತಳ ಒದ್ದೆಯಾಗಿಯೇ ಉಳಿದರೆ ಸೀಳುತ್ತದೆ, ಅದಕ್ಕೇ ಬಾಯಿಗೆ ಒದ್ದೆ ಗೋಣಿ ಹೊದಿಸಬೇಕು. ತಳವನ್ನು ಹೆಬ್ಬೆರಳಿಂದ ಒತ್ತಿ ಒತ್ತಿ ಮಣ್ಣು ಬಿಗಿ ಮಾಡದಿದ್ದರೆ ಅಲ್ಲಿ ಬಿರುಕು ಹಾವಿನಂತೆ ಸುತ್ತಿಕೊಂಡು ಮೂಡುತ್ತದೆ. ಮೆರುಗು ಮಣ್ಣಿಗಿಂತ ಜಾಸ್ತಿ ಕುಗ್ಗಿದರೆ ಮೈಯೆಲ್ಲ ಬಲೆಬಲೆಯಾಗಿ ಬಿರಿಯುತ್ತದೆ. ಆಗ ಬೆಣಚುಕಲ್ಲಿನ ಹುಡಿ ಎಷ್ಟು ಸೇರಿಸಬೇಕು ಎಂದು ನಾನು ಲೆಕ್ಕ ಹಾಕಿ ಕೊಡುತ್ತಿದ್ದೆ. ಎಲ್ಲಕ್ಕಿಂತ ಮುಖ್ಯ, ಜಾಡಿ ಸುಡುವ ಆವಿಗೆಯ ಬಾಯನ್ನು ಆತುರಪಟ್ಟು ತೆರೆಯಬಾರದು. ಬಿಸಿ ಜಾಡಿಗೆ ತಣ್ಣನೆ ಗಾಳಿ ಸೋಕಿದರೆ ಒಳಗೇ ಬಿರಿಯುತ್ತದೆ. "ಬೆಂಕಿ ಹಾಕೋದು ಯಾರಾದ್ರೂ ಮಾಡ್ತಾರೆ. ಆರೋಗಂಟ ಸುಮ್ನೆ ಕೂರೋದೈತಲ್ಲ, ಅದು ಕಷ್ಟ" ಎನ್ನುತ್ತಿದ್ದ.

ಬಿರಿದ ಹಳೇ ಜಾಡಿಗಳನ್ನು ರಿಪೇರಿಗೆ ತರುವವರೂ ಇದ್ದರು. ಅಜ್ಜಿಯ ಕಾಲದ್ದು, ಬಿಸಾಡಲು ಮನಸ್ಸಾಗದು. ಅಪ್ಪ ಅವನ್ನು ದೊಡ್ಡ ಪಾತ್ರೆಯಲ್ಲಿಟ್ಟು, ಮುಳುಗುವಷ್ಟು ಹಾಲು ಸುರಿದು, ಸಣ್ಣ ಉರಿಯಲ್ಲಿ ಒಂದು ಗಂಟೆ ಕುದಿಸಿ ಹಾಗೇ ಆರಲು ಬಿಡುತ್ತಿದ್ದ. ಜಾಡಿಗೆ ಹಾಲು ಕುಡಿಸುವುದು ಎಂದು ಅದಕ್ಕೆ ಹೆಸರು. ಹಾಲಿನ ಅಂಶ ಎಳೆ ಬಿರುಕಿನೊಳಗೆ ಹೋಗಿ ಗಟ್ಟಿಯಾಗುತ್ತದೆ. ವಾಪಸ್ಸು ಕೊಡುವಾಗ ಮಾತ್ರ ತಪ್ಪದೆ ಹೇಳುತ್ತಿದ್ದ: "ಒಣಮೆಣಸಿನಕಾಯಿ ಹಾಕ್ಕಳಿ ತಾಯಿ. ಉಪ್ಪಿನಕಾಯಿ ಬ್ಯಾಡ. ಇದು ಮುಚ್ಚೈತೆ, ಕೂಡಿಲ್ಲ."

ಶಿವರಾತ್ರಿ ಕಳೆದ ವಾರ ಅಪ್ಪ ಹದಿನೈದು ದೊಡ್ಡ ಜಾಡಿಗಳನ್ನು ಆವಿಗೆಗೆ ಜೋಡಿಸಿದ. ಬಾಣಾವರದ ಕಮಲಾಕ್ಷಮ್ಮ ಹನ್ನೆರಡು ಬೇಕೆಂದು ಮೊದಲೇ ಹೇಳಿದ್ದರು. ಅವರ ತೋಟದ ಮಾವು, ಮಠದ ದಾಸೋಹಕ್ಕೆ ವರ್ಷದ ಉಪ್ಪಿನಕಾಯಿ. ಭಾನುವಾರ ಬೆಳಗಿನಿಂದ ಸೋಮವಾರ ಸಂಜೆಯವರೆಗೆ ಬೆಂಕಿ ನೋಡಿಕೊಂಡು, ಆವಿಗೆಯ ಬಾಯಿಗೆ ಇಟ್ಟಿಗೆ ಜೋಡಿಸಿ ಮಣ್ಣು ಮೆತ್ತಿ, ಸ್ನಾನ ಮಾಡಿ, ಎದೆ ಹಿಡಿದಂತಾಗುತ್ತಿದೆ ಎಂದು ಮಲಗಿದ. ಮಂಗಳವಾರ ಬೆಳಗ್ಗೆ ನಾನು ಕಾಫಿ ತೆಗೆದುಕೊಂಡು ಹೋದಾಗ ಅವನ ಕೈ ತಣ್ಣಗಿತ್ತು. ಆವಿಗೆ ಇನ್ನೂ ಮುಟ್ಟಲಾಗದಷ್ಟು ಬಿಸಿ ಇತ್ತು.

ಹನ್ನೊಂದನೆಯ ದಿನದ ಕಾರ್ಯ ಮುಗಿಯುವವರೆಗೆ ಅದರ ಹತ್ತಿರ ಯಾರೂ ಹೋಗಲಿಲ್ಲ.

ಅಮ್ಮ ಆ ದಿನಗಳಲ್ಲಿ ದನಿ ತೆಗೆದು ಅಳಲಿಲ್ಲ. ಬಂದವರು ಮಾತಾಡಿಸಿದರೆ ಅವರ ಮುಖವನ್ನೇ ನೋಡಿ ತಲೆಯಾಡಿಸುತ್ತಿದ್ದಳು. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಮಾತು ಕಡಿಮೆ. ಅಮ್ಮನಂತೂ ಈಚಿನ ವರ್ಷಗಳಲ್ಲಿ ತೀರಾ ಒಳಗೆ ಹೋಗಿಬಿಟ್ಟಿದ್ದಳು. ಟೀವಿ ಹಾಕುವುದಿಲ್ಲ, ಫೋನು ಮುಟ್ಟುವುದಿಲ್ಲ. ವಯಸ್ಸಾದಂತೆ ಮನುಷ್ಯರು ಹೀಗೆ ಶಾಂತರಾಗುತ್ತಾರೆ ಎಂದು ನಾನು ತಿಳಿದಿದ್ದೆ. ನಿಜ ಹೇಳಬೇಕೆಂದರೆ ಅವಳ ಆ ಮೌನ ನನಗೆ ಇಷ್ಟವಾಗಿತ್ತು, ನಾನೂ ಅವಳ ಹಾಗೆಯೇ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು.

ಎಂಟನೆಯ ದಿನ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಳಗೆ ಕುಕ್ಕರ್ ಕೂಗತೊಡಗಿತು. ನಾಲ್ಕು, ಐದು, ಆರು. ಯಾಕೆ ಆರಿಸುತ್ತಿಲ್ಲ ಎಂದು ಒದ್ದೆಗೈಯಲ್ಲೇ ಒಳಗೆ ಬಂದೆ. ಅಮ್ಮ ಒಲೆಯಿಂದ ಒಂದು ಮಾರು ದೂರದಲ್ಲಿ ನನಗೆ ಬೆನ್ನು ಹಾಕಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕುಕ್ಕರ್ ಮತ್ತೊಮ್ಮೆ ಕೂಗಿತು. ಅವಳ ಬೆರಳು ಒಂದು ಕ್ಷಣವೂ ನಿಲ್ಲಲಿಲ್ಲ. ನಾನು ಒಲೆ ಆರಿಸಿ, ಅಲ್ಲೇ ಇದ್ದ ಸ್ಟೀಲಿನ ತಟ್ಟೆಯೊಂದನ್ನು ಎತ್ತಿ ಅವಳ ಹಿಂದೆ ನೆಲಕ್ಕೆ ಬಿಟ್ಟೆ. ಬೇಕೆಂದೇ ಬಿಟ್ಟೆ. ತಟ್ಟೆ ಸುತ್ತಿ ಸುತ್ತಿ ಸದ್ದು ಮಾಡಿ ಮಲಗಿತು. ಅಮ್ಮ ಒಂದು ಹುಳುಕು ಕಾಯಿಯನ್ನು ಬದಿಗೆ ಎಸೆದಳು.

ಮೂವತ್ತು ವರ್ಷದಿಂದ ಅಪ್ಪನ ಜೊತೆ ಕೆಲಸಕ್ಕಿದ್ದ, ಅಪ್ಪ ಅಮ್ಮನನ್ನು ಅಣ್ಣ ಅಕ್ಕ ಎಂದೇ ಕರೆಯುವ ಹುಚ್ಚಣ್ಣ ಶೆಡ್ಡಿನ ಹೊರಗೆ ಸೌದೆ ಒಟ್ಟುತ್ತಿದ್ದ. ಹೋಗಿ ಕೇಳಿದೆ.

"ಹುಚ್ಚಣ್ಣ, ಅಮ್ಮಂಗೆ ಕಿವಿ ಕೇಳಲ್ವಾ?"

ಅವನು ಕೈಯಲ್ಲಿದ್ದ ಸೌದೆಯನ್ನು ಕೆಳಗಿಟ್ಟ. "ನಿಂಗೆ ಗೊತ್ತಿಲ್ವೇನವ್ವ?"

"ಯಾವಾಗಿಂದ?"

"ಮೂರು ವರ್ಷ ಆಗೈತೆ. ಮೊದ್ಲು ಎಡಗಿವಿ ಹೋಯ್ತು, ಆಮ್ಯಾಲೆ ಇನ್ನೊಂದು. ಅಣ್ಣ ಹಾಸನಕ್ಕೆ ಕರ್ಕೊಂಡೋಗಿದ್ರು. ಡಾಕ್ಟ್ರು ಮಿಷನ್ ಹಾಕ್ಕಳಿ ಅಂದ್ರಂತೆ. ಅಕ್ಕ ಸುತರಾಂ ಒಪ್ಲಿಲ್ಲ. ಕಿವೀಲಿ ಮಿಷನ್ ಇಟ್ಕೊಂಡು ಜಾಡಿ ತಟ್ಟಿದ್ರೆ ಯಾರು ನಂಬ್ತಾರೆ ಅಂತ. ಜಾಡಿ ಒಂದು ಕೇಳ್ಸುತ್ತೆ, ಅಷ್ಟು ಸಾಕು ಅಂದ್ಬುಟ್ರು."

"ಜಾಡಿ ಹೆಂಗೆ ಕೇಳ್ಸುತ್ತೆ?"

ಹುಚ್ಚಣ್ಣ ಶೆಡ್ಡಿನ ಒಳಗೆ ಕೈ ತೋರಿಸಿದ. ಅಮ್ಮ ಕೂರುವ ಮಣೆಯ ಎದುರಿಗೆ, ನಾಲ್ಕು ಅಡಿ ದೂರದಲ್ಲಿ, ಎರಡು ಇಟ್ಟಿಗೆಯ ಮೇಲೊಂದು ಹಲಗೆ.

"ನೀನು ಸಣ್ಣೋಳಿದ್ದಾಗ ನೆಪ್ಪು ಮಾಡ್ಕ. ಅಕ್ಕ ತಟ್ಟೋವಾಗ ಅಣ್ಣ ಇಲ್ಲಿರ್ತಿದ್ರಾ? ಕೆರೆ ಏರಿ ಮ್ಯಾಲೆ ಹೋಗಿ ಬೀಡಿ ಸೇದ್ತಾ ಕೂರೋರು, ಹೆದ್ರಿಕೆಗೆ. ಎಷ್ಟು ಒಡೀತಾಳೋ ಅಂತ. ಈ ಮೂರು ವರ್ಷದಿಂದ ಒಂದ್ಸಲಾನೂ ಹೋಗಿಲ್ಲ. ಇಲ್ಲೇ ಕೂರೋರು."

"ಸನ್ನೆ ಮಾಡ್ತಿದ್ರಾ?"

"ನಾನೂ ನೋಡ್ದೆ ಕಣವ್ವ, ಕದ್ದು ನೋಡ್ದೆ. ಕೈ ಇಲ್ಲ, ಕಣ್ಣು ಮಿಟುಕ್ಸೋದಿಲ್ಲ. ಅಣ್ಣ ಏನೂ ಮಾಡ್ತಿರ್ಲಿಲ್ಲ. ಸುಮ್ನೆ ಕೇಳಿಸ್ಕಳೋರು. ಅಕ್ಕ ಅವರ ಮುಖ ನೋಡೋರು. ನೋಡಿ ಹೇಳೋರು. ಒಂದೂ ತಪ್ತಿರ್ಲಿಲ್ಲ."

ಆ ಮೂರು ವರ್ಷ ದಿನಾ ಸಂಜೆ ನಾನು ಅಪ್ಪನ ಹತ್ತಿರ ಬಿರುಕಿನ ವಿಷಯವನ್ನೇ ಮಾತಾಡಿದ್ದೆ.

ಹನ್ನೆರಡನೆಯ ದಿನ ಶನಿವಾರ. ಅಮ್ಮ ಬೆಳಗ್ಗೆಯೇ ಮಣೆ ಒರೆಸಿ ಇಟ್ಟಳು. "ನಾಳೆ ಕಮಲಾಕ್ಷಮ್ಮಾರು ಬರ್ತಾರೆ. ಇವತ್ತು ಆವಿಗೆ ತೆಗೀರಿ. ನಾಳೆ ಅವರ ಮುಂದೇನೇ ತಟ್ತೀನಿ" ಎಂದಳು. ಅವಳ ದನಿ ಎಂದಿನಂತೆ ತಗ್ಗಿತ್ತು, ಹದವಾಗಿತ್ತು. ನಾನು ಎದುರಿಗೆ ನಿಂತು, ತುಟಿ ಕಾಣುವಂತೆ, "ಈ ಸಲ ನಾನು ತಟ್ಟಲಾ?" ಎಂದೆ. "ಯಾಕೆ, ನಾನು ಸತ್ತಿದೀನಾ?" ಎಂದಳು. ಅದಾದ ಮೇಲೆ ಅವಳೇ ಆ ಮಾತಿಗೆ ಬೆಚ್ಚಿದವಳಂತೆ ಒಳಗೆ ಹೋದಳು.

ಅವಳ ಪಾಲಿಗೆ ಉಳಿದಿದ್ದುದು ಅದೊಂದೇ. ಗಂಡ ಹೋದ, ಕಿವಿ ಹೋಗಿ ಮೂರು ವರ್ಷ. "ಸಾವಿತ್ರಮ್ಮ ತಟ್ಟಿದ್ದು" ಎನ್ನುವ ಮಾತು ಮಾತ್ರ ಇನ್ನೂ ಊರೂರಲ್ಲಿ ಓಡಾಡುತ್ತಿತ್ತು. ಅದನ್ನು ಅವಳಿಂದ ಕಿತ್ತುಕೊಳ್ಳುವ ಧೈರ್ಯ ನನಗಿರಲಿಲ್ಲ.

ಹುಚ್ಚಣ್ಣನೂ ನಾನೂ ಆವಿಗೆಯ ಬಾಯಿ ಬಿಚ್ಚಿದೆವು. ಹದಿನೈದು ಜಾಡಿಗಳೂ ಅಪ್ಪ ಇಟ್ಟ ಹಾಗೇ ಕೂತಿದ್ದವು. ಅವನ ಜೀವಮಾನದಲ್ಲಿ ಯಾವ ಆವಿಗೆಯೂ ಇಷ್ಟು ನಿಧಾನವಾಗಿ ಆರಿರಲಿಲ್ಲ. ಸಾಮಾನ್ಯವಾಗಿ ಹದಿನೈದರಲ್ಲಿ ಮೂರೋ ನಾಲ್ಕೋ ಮೂಗ ಇರುತ್ತವೆ. ಅಮ್ಮ ಸ್ನಾನಕ್ಕೆ ಹೋದಾಗ ನಾವಿಬ್ಬರೂ ಗುಟ್ಟಾಗಿ ಒಂದೊಂದನ್ನೂ ತಟ್ಟಿ ನೋಡಿದೆವು. ಹದಿನಾಲ್ಕು ಜಾಡಿ ಠಣ್ ಎಂದವು. ಒಂದೇ ಒಂದು ಬದ್ ಎಂದಿತು. ಹುಚ್ಚಣ್ಣ ಅದನ್ನು ಸೌದೆ ರಾಶಿಯ ಹಿಂದೆ ಇಟ್ಟು ಗೋಣಿ ಮುಚ್ಚಿದ.

"ಇನ್ನೇನು ಭಯ ಇಲ್ಲ ಬಿಡವ್ವ. ಅಕ್ಕ ಕಣ್ಮುಚ್ಕೊಂಡು ತಟ್ಟಿದ್ರೂ ತಪ್ಪಾಗಲ್ಲ. ಎಲ್ಲಾ ಮಾತಾಡೋವೇ."

ನಾನೂ ಹಾಗೇ ನಂಬಿದೆ. ಹನ್ನೆರಡು ಬೇಕು, ಹದಿನಾಲ್ಕಿವೆ, ಎಲ್ಲವೂ ಗಟ್ಟಿ. ಅಪ್ಪನ ಹಲಗೆಯ ಮೇಲೆ ನಾನು ಸುಮ್ಮನೆ ಕೂತರಾಯಿತು.

ಭಾನುವಾರ ಹತ್ತು ಗಂಟೆಗೆ ಕಮಲಾಕ್ಷಮ್ಮ ಬಂದರು. ಜೊತೆಗೆ ಅವರ ಮೈದುನ ಜಯದೇವಪ್ಪ, ಪಿಕಪ್ ಗಾಡಿ ತುಂಬ ಒಣಹುಲ್ಲು. ಕಮಲಾಕ್ಷಮ್ಮ ಮೊದಲು ಅಮ್ಮನ ಎರಡೂ ಕೈ ಹಿಡಿದು ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಫೋನಲ್ಲಿ ವಿಷಯ ತಿಳೀತು ಕಣವ್ವ, ಬರೋಕಾಗ್ಲಿಲ್ಲ. ಇಂಥ ಹೊತ್ನಲ್ಲಿ ಜಾಡಿ ಕೇಳ್ಕೊಂಡು ಬಂದಿದೀನಲ್ಲ, ನಂಗೇ ನಾಚ್ಕೆ" ಎಂದರು.

ಜಯದೇವಪ್ಪನಿಗೆ ಇಂಥ ಭಾರದ ಮಾತು ಹಿಡಿಸುವುದಿಲ್ಲ. ಸೊಂಟದ ಮೇಲೆ ಕೈಯಿಟ್ಟು ಜಾಡಿಗಳ ಸಾಲನ್ನು ನೋಡಿದರು. "ಅತ್ತಿಗೆ, ಇಷ್ಟು ಭಾರ ಹೊರೋ ಬದ್ಲು ಎರಡು ಪ್ಲಾಸ್ಟಿಕ್ ಡ್ರಮ್ ತಗೊಂಡಿದ್ರೆ ಆಗ್ತಿತ್ತು. ನನ್ ಸೊಂಟಾನಾದ್ರೂ ಉಳೀತಿತ್ತು."

"ನಿನ್ ಸೊಂಟ ಉಳಿಸ್ಕೊಂಡು ಏನಾಗ್ಬೇಕಾಗೈತಪ್ಪ? ಮಠದ ಉಪ್ಪಿನಕಾಯಿ ಉಳೀಬೇಕು. ಹೋಗು, ಹುಲ್ಲು ಇಳ್ಸು."

"ಸಾವಿತ್ರಮ್ಮಾರೇ, ಸ್ವಲ್ಪ ಕರುಣೆ ಇರ್ಲಿ. ಹೋದ್ಸಲ ನೀವು ಎರಡು ಒಡೆದ್ರಲ್ಲ, ಸುತ್ತಿಗೆ ಏಟು ನನ್ ಎದೆಗೇ ಬಿದ್ದಂಗಾಗಿತ್ತು."

ಅಮ್ಮ ಅವರ ತುಟಿ ನೋಡಿ ಸಣ್ಣಗೆ ನಕ್ಕಳು. ಮಣೆಯ ಮೇಲೆ ಕೂತಳು. ಸುತ್ತಿಗೆ ಬಲಕ್ಕಿಟ್ಟುಕೊಂಡಳು. ನಾನು ಹೋಗಿ ಎದುರಿನ ಹಲಗೆಯ ಮೇಲೆ ಕೂತೆ. ಅವಳ ಕಣ್ಣು ನನ್ನ ಮೇಲೆ ಬಂತು, ಒಂದು ಗಳಿಗೆ ನಿಂತಿತು.

ಹುಚ್ಚಣ್ಣ ಮೊದಲ ಜಾಡಿ ತಂದಿಟ್ಟ. ಅಮ್ಮ ಹೊಟ್ಟೆಗೆ ತಟ್ಟಿದಳು, ಹೆಗಲಿಗೆ ತಟ್ಟಿದಳು.

ನಾನು ಆ ಥರದ ದನಿಯನ್ನು ಹಿಂದೆ ಕೇಳಿರಲಿಲ್ಲ. ಹಿಂದಿನ ದಿನ ಆತುರದಲ್ಲಿ ತಟ್ಟಿದಾಗ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಅಮ್ಮನ ಗೆಣ್ಣಿಗೆ ಅದು ಪೂರ್ತಿಯಾಗಿ ಎದ್ದಿತು, ತುಂಬಿ ನಿಂತಿತು, ಶೆಡ್ಡಿನ ತಗಡಿಗೆ ತಾಗಿ ಮೆಲ್ಲಗೆ ಇಳಿಯಿತು. ಹನ್ನೊಂದು ದಿನ ಯಾರೂ ಮುಟ್ಟದೆ ಆರಿದ ಮಣ್ಣು ಹೀಗೆ ಕೂಗುತ್ತದೆ. ಅಪ್ಪ ಇದನ್ನು ಕೇಳಬೇಕಿತ್ತು ಎನಿಸಿತು. ಅಷ್ಟೇ ನನಗೆ ನೆನಪಿರುವುದು.

ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಮೂಗ" ಎಂದಳು. ನಾನು ಬಾಯಿ ತೆರೆಯುವ ಮೊದಲು ಸುತ್ತಿಗೆ ಬಿದ್ದಿತ್ತು.

ಕಮಲಾಕ್ಷಮ್ಮ ಮೈದುನನ ಕಡೆ ಬಗ್ಗಿ, "ನಂಗೆ ಚೆನ್ನಾಗೇ ಕೇಳ್ತಲ್ಲೋ" ಎಂದು ಪಿಸುಗುಟ್ಟಿದರು.

"ಅವರ ಕಿವಿ ಮುಂದೆ ನಿಮ್ ಕಿವಿ ಯಾವ ಲೆಕ್ಕ ಅತ್ತಿಗೆ, ಸುಮ್ನಿರಿ" ಎಂದರು ಜಯದೇವಪ್ಪ.

ಹುಚ್ಚಣ್ಣ ನನ್ನನ್ನು ನೋಡಿದ. ಆಗ ನನಗೆ ಅರ್ಥವಾಯಿತು. ನಾವು ಜಾಡಿಗಳನ್ನು ಆರಿಸಿದ್ದೆವು, ನನ್ನ ಮುಖವನ್ನು ಮರೆತಿದ್ದೆವು. ದನಿ ಎಷ್ಟು ಚೆನ್ನಾಗಿದ್ದರೆ ನನ್ನ ಮುಖ ಅಷ್ಟು ಕುಸಿಯುತ್ತದೆ. ತಡೆದು ನಿಲ್ಲಿಸಿದರೆ ಗಿರಾಕಿಯ ಎದುರು ಅಮ್ಮನ ಕಿವಿಯ ಮರ್ಯಾದೆ ಹೋಗುತ್ತದೆ. ತಡೆಯದಿದ್ದರೆ ಅಪ್ಪನ ಕೊನೆಯ ಜಾಡಿಗಳು ಹೋಗುತ್ತವೆ. ಯೋಚಿಸಲು ಹೊತ್ತಿರಲಿಲ್ಲ. ಎರಡನೆಯದು ಬಂದಿತ್ತು.

ಅಮ್ಮ ತಟ್ಟಿದಳು. ನಾನು ನಕ್ಕೆ. ಕಷ್ಟಪಟ್ಟು, ಹಲ್ಲು ಕಾಣುವಂತೆ ನಕ್ಕೆ. ಅಮ್ಮನ ಹುಬ್ಬು ಗಂಟಾಯಿತು. ಅಪ್ಪ ಎಂದೂ ಆ ಹಲಗೆಯ ಮೇಲೆ ಕೂತು ನಕ್ಕವನಲ್ಲ. ಅವಳ ಕಣ್ಣಿನಲ್ಲಿ ಕೋಪ ಬಂತು, ಅದರ ಹಿಂದೆಯೇ ಮರುಕವೂ ಬಂತು. ಅಪ್ಪ ಮಾಡಿದ ಜಾಡಿ ಒಡೆಯುವುದು ಬೇಡವೆಂದು ಮಗಳು ಕೆಟ್ಟದ್ದನ್ನು ಮುಚ್ಚಿಡುತ್ತಿದ್ದಾಳೆ ಎಂದು ಅವಳಿಗನಿಸಿರಬೇಕು. "ಬ್ಯಾಡ ಕಣೇ. ನಿಮ್ಮಪ್ಪ ಒಪ್ಪೋರಲ್ಲ" ಎಂದಳು, ತಗ್ಗಿದ ದನಿಯಲ್ಲಿ, ಎಲ್ಲರ ಎದುರು. ಸುತ್ತಿಗೆ ಎತ್ತಿದಳು.

ಮೂರನೆಯದಕ್ಕೆ ನಾನು ತಲೆ ತಗ್ಗಿಸಿಬಿಟ್ಟೆ. ಮುಖವೇ ಕಾಣದಿದ್ದರೆ ತನಗೆ ತಿಳಿದಂತೆ ಏನಾದರೂ ಹೇಳಿಯಾಳು ಎಂದುಕೊಂಡೆ. ತಟ್ಟಿದ ಸದ್ದು ಬಂತು. ಮತ್ತೆ ತಟ್ಟಿದಳು. ಮತ್ತೆ. ಅಮ್ಮ ಒಂದೇ ಜಾಡಿಯನ್ನು ಅಷ್ಟು ಸಲ ತಟ್ಟಿದ್ದನ್ನು ಯಾರೂ ಕಂಡಿಲ್ಲ. ಜಯದೇವಪ್ಪ ಅಲ್ಲಿಯವರೆಗೆ ಕೈಯಲ್ಲಿ ಆಡಿಸುತ್ತಿದ್ದ ಬೀಗದ ಕೈಗೊಂಚಲಿನ ಸದ್ದು ನಿಂತಿತು. ನಾನು ಓರೆಗಣ್ಣಿನಿಂದ ನೋಡಿದೆ. ಅಮ್ಮ ಜಾಡಿಯ ಬಾಯಿಗೆ ಕಿವಿ ಇಟ್ಟು ತಟ್ಟುತ್ತಿದ್ದಳು. ಬಾಯಿ ಅರೆತೆರೆದಿತ್ತು. ಹಣೆಯ ಮೇಲೆ ಬೆವರಿತ್ತು. ಹುಚ್ಚಣ್ಣನ ಕಡೆ ನೋಡಿದಳು. ಅವನು ಹೆದರಿ ಬೇರೆ ಕಡೆ ತಿರುಗಿದ. ನನ್ನ ನೆತ್ತಿಯನ್ನು ನೋಡಿದಳು. ಅನುಮಾನದ ಜಾಡಿ. ಸುತ್ತಿಗೆ ಎರಡು ಸಲ ಬಿತ್ತು, ಮೊದಲ ಏಟಿಗೆ ಅದು ಒಡೆಯಲಿಲ್ಲ.

ನಾಲ್ಕನೆಯದನ್ನು ಹುಚ್ಚಣ್ಣ ತರಲಿಲ್ಲ. ಅಮ್ಮನೇ ಕೈ ಚಾಚಿ ಎಳೆದುಕೊಂಡಳು. ಅವಳು ಬೆರಳು ಮಡಚುವಷ್ಟರಲ್ಲಿ ನಾನು ಹೋಗಿ ಜಾಡಿಯ ಮೇಲೆ ಕೈಯಿಟ್ಟೆ.

"ಅಮ್ಮ, ಸಾಕು. ಎಲ್ಲಾ ಮಾತಾಡ್ತವೆ. ಒಡೆದಿದ್ದೂ ಮಾತಾಡ್ತಿದ್ವು."

ಎದುರಿಗೇ ಇದ್ದೆ. ತುಟಿ ಓದಲು ಅವಳಿಗೆ ತೊಂದರೆಯಿರಲಿಲ್ಲ. ಅವಳು ನನ್ನನ್ನು ನಂಬಲಿಲ್ಲವೋ, ನಂಬಬಾರದೆಂದು ಬಯಸಿದಳೋ. ಬಗ್ಗಿ ನೆಲದಿಂದ ಒಂದು ಚೂರನ್ನು ಎತ್ತಿಕೊಂಡಳು. ಬೆಳಕಿಗೆ ಹಿಡಿದು ಒಡೆದ ಅಂಚನ್ನು ನೋಡಿದಳು. ಬಿರುಕಿದ್ದ ಜಾಡಿ ಒಡೆದರೆ ಬಿರುಕಿನ ಗುಂಟವೇ ಸೀಳುತ್ತದೆ, ಆ ಅಂಚಿಗೆ ಮಸಿಯೋ ಮೆರುಗೋ ಇಳಿದು ಗೆರೆ ಬಿದ್ದಿರುತ್ತದೆ. ಗಟ್ಟಿ ಜಾಡಿಯ ಅಂಚು ಆಗಷ್ಟೇ ಮುರಿದ ಬೆಲ್ಲದಚ್ಚಿನ ಹಾಗೆ ಹೊಸದಾಗಿರುತ್ತದೆ. ಅಮ್ಮ ಇನ್ನೊಂದು ಚೂರು ಎತ್ತಿದಳು. ಆಮೇಲೆ ಮತ್ತೊಂದು ರಾಶಿಯಿಂದ ಒಂದು. ಮೂರನೆಯ ರಾಶಿಯಿಂದ ಒಂದು. ಎಲ್ಲವನ್ನೂ ನೋಡಿದಳು. ಯಾರೂ ಅವಸರ ಮಾಡಲಿಲ್ಲ.

ಚೂರುಗಳನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

"ಕಮಲಾಕ್ಷಮ್ಮಾರೇ, ಒಳ್ಳೇ ಜಾಡಿ ಒಡೆದ್‌ಬುಟ್ಟೆ. ನಂಗೆ ಕಿವಿ ಇಲ್ಲ. ಉಳಿದಿದ್ದು ಇವಳು ತಟ್ಟಿ ಕೊಡ್ತಾಳೆ."

ಕಮಲಾಕ್ಷಮ್ಮ ಎರಡು ಹೆಜ್ಜೆ ಮುಂದೆ ಬಂದರು. "ಅಯ್ಯೋ, ಅದಕ್ಕ್ಯಾಕೆ ಏಳ್ತೀರಿ? ಕೂತ್ಕಳಿ ಸಾವಿತ್ರಮ್ಮ. ನೀವೇ ತಟ್ಟಿ, ನಂಗೆ ಕೇಳ್ಸುತ್ತೆ. ನಾನ್ ಹೇಳ್ತೀನಿ." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಮ್ಮ ಆಗಲೇ ಬೆನ್ನು ತಿರುಗಿಸಿದ್ದಳು. ಅದೊಂದು ಮಾತು ಅವಳಿಗೆ ತಲುಪಲಿಲ್ಲವೆಂದು ಈಗಲೂ ನನಗೆ ಸಮಾಧಾನ.

ಉಳಿದ ಹನ್ನೊಂದನ್ನು ನಾನು ತಟ್ಟಿದೆ. ಒಂದೊಂದಕ್ಕೂ ಕಮಲಾಕ್ಷಮ್ಮ ತಲೆಯಾಡಿಸಿದರು. ಜಯದೇವಪ್ಪ ಚಪ್ಪಲಿ ಬಿಟ್ಟು ಬಂದು ತಾವೇ ಎತ್ತಿ ಹುಲ್ಲಿನ ಮೇಲೆ ಇಟ್ಟರು. ಸೊಂಟದ ಮಾತು ಆಡಲಿಲ್ಲ. "ಇನ್ನೊಂದು ಬೇಕಾಗಿತ್ತು, ಇಲ್ವೇನವ್ವ?" ಎಂದು ಕಮಲಾಕ್ಷಮ್ಮ ಕೇಳಿದಾಗ ಹುಚ್ಚಣ್ಣನ ಕಣ್ಣು ಸೌದೆ ರಾಶಿಯ ಕಡೆ ಹೋಯಿತು. ನಾನು ಇಲ್ಲ ಎಂದೆ. "ಇರ್ಲಿ, ಹನ್ನೊಂದೇ ಸಾಕು. ಮುಂದಿನ ವರ್ಷ..." ಎಂದು ಶುರುಮಾಡಿ ಅವರು ಅಲ್ಲಿಗೇ ನಿಲ್ಲಿಸಿದರು. ಮುಂದಿನ ವರ್ಷ ಜಾಡಿ ಎತ್ತುವವರು ಯಾರು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಅಮ್ಮ ನನ್ನ ಎದುರಿಗೆ ಕೂತಳು. ಮುದ್ದೆ ಮುರಿದು, ತಿನ್ನದೆ, ಕೇಳಿದಳು.

"ಹುಚ್ಚಣ್ಣ ಹೇಳಿದ್ನಾ?"

ಹೂಂ ಎಂದು ತಲೆಯಾಡಿಸಿದೆ.

"ನಿಮ್ಮಪ್ಪ ನಂಗೆ ಯಾವತ್ತೂ ಹೇಳಿಕೊಟ್ಟಿಲ್ಲ ಕಣೇ. ಇದು ಒಳ್ಳೇದು, ಇದು ಕೆಟ್ಟದ್ದು ಅಂತ ಒಂದ್ಸಲಾನೂ ತೋರಿಸಿಲ್ಲ. ಮೋಸ ಮಾಡಿಲ್ಲ ನಾವು."

"ಗೊತ್ತಮ್ಮ."

"ಏನ್ ಗೊತ್ತು ನಿಂಗೆ?" ಎಂದಳು. ಬೆರಳಿಗೆ ಮೆತ್ತಿದ್ದ ಹಿಟ್ಟನ್ನು ತಟ್ಟೆಯ ಅಂಚಿಗೆ ಒರೆಸಿದಳು. "ನಂಗೆ ಕೇಳ್ಸೋದು. ಅವರು ಎದ್ರಿಗೆ ಕೂತಿದ್ರೆ ಕೇಳ್ಸೋದು. ಬೇರೆ ಏನೂ ಕೇಳ್ಸದೇ ಇದ್ರೂ ಅದು ಕೇಳ್ಸೋದು."

ನಾನು ತಟ್ಟೆಯ ಕಡೆ ತಲೆ ಬಗ್ಗಿಸಿದೆ. ಮಾತಾಡಿದ್ದರೆ ಅವಳು ನನ್ನ ತುಟಿ ನೋಡಬೇಕಾಗುತ್ತಿತ್ತು. ಅವಳು ಮುದ್ದೆಯನ್ನು ಹಾಗೇ ಬಿಟ್ಟು ಎದ್ದು ಕೈ ತೊಳೆದಳು.

ಒಡೆದ ಚೂರುಗಳನ್ನು ಮರುದಿನ ಹುಚ್ಚಣ್ಣ ಗುಡಿಸಿದ. ಅಮ್ಮ ಶೆಡ್ಡಿಗೆ ಹೋಗಲಿಲ್ಲ. ಆಮೇಲೂ ಹೋಗಿಲ್ಲ. ಗಿರಾಕಿಗಳು ಬಂದರೆ ನಾನಿದ್ದರೆ ಹಳೇ ದಾಸ್ತಾನಿನ ಸಣ್ಣ ಜಾಡಿಗಳನ್ನು ತಟ್ಟಿ ಕೊಡುತ್ತೇನೆ. ಅವರು ಕೇಳಿಸಿಕೊಳ್ಳುತ್ತಾರೆ, ತಾವೂ ಒಮ್ಮೆ ತಟ್ಟಿ ನೋಡುತ್ತಾರೆ.

ಒಂದು ಬದಲಾವಣೆ ನಾನು ನಿರೀಕ್ಷಿಸಿರಲಿಲ್ಲ. ಅಮ್ಮ ಜೋರಾಗಿ ಮಾತಾಡತೊಡಗಿದ್ದಾಳೆ. ಮುಚ್ಚಿಡುವುದು ಏನೂ ಉಳಿದಿಲ್ಲವೆಂದು ಮೊದಮೊದಲು ಅಂದುಕೊಂಡೆ. ಸಾರಿಗೆ ಉಪ್ಪು ಸಾಕಾ ಎಂದು ಕೇಳಿದರೆ ಎದುರು ಮನೆಯವರು ಹೊರಗೆ ಬರುತ್ತಾರೆ. ಆಮೇಲೆ ಹೊಳೆಯಿತು, ಅವಳಿಗೆ ತನ್ನ ದನಿಯೂ ಕೇಳಿಸುವುದಿಲ್ಲ. ಮೂರು ವರ್ಷ ಅವಳು ತನ್ನ ಮಾತಿನ ಏರಿಳಿತವನ್ನೂ ಅಪ್ಪನ ಮುಖ ನೋಡಿಯೇ ಅಳೆದುಕೊಳ್ಳುತ್ತಿದ್ದಳು. ಹೆಚ್ಚಾಯಿತೆಂದು ಅವನ ಹುಬ್ಬು ಹೇಳುತ್ತಿತ್ತೋ ಏನೋ. ಅವಳು ತಗ್ಗಿಸುತ್ತಿದ್ದಳು. ನಾನು ಹೆಮ್ಮೆಪಟ್ಟ ಆ ಶಾಂತಿ ಅವರಿಬ್ಬರೂ ಸೇರಿ ಕೆಲಸ ಮಾಡಿ ನಿಲ್ಲಿಸಿದ್ದ ಶಾಂತಿ.

ಇವತ್ತು ಬೆಳಗ್ಗೆ ಬೇಲೂರಿನ ಬಸ್ಸಿಗೆ ನಾನು ರಸ್ತೆಯಲ್ಲಿ ನಿಂತಿದ್ದೆ. "ಹೇಮಾ, ಮೊಸರನ್ನ ಬಿಟ್‌ಬುಟ್ಟು ಹೋಗ್ತಿದೀಯಲ್ಲೇ" ಎಂದು ಅಮ್ಮ ಬಾಗಿಲಿಂದ ಕೂಗಿದಳು. ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡಿದರು, ಕಾಲೇಜು ಹುಡುಗಿಯರಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಮೆಲ್ಲಗೆ ಎಂದು ಹುಬ್ಬು ಗಂಟಿಕ್ಕಿದ್ದರೆ ಅವಳಿಗೆ ತಿಳಿಯುತ್ತಿತ್ತು. ನಾನು ಮುಖವನ್ನು ಹಾಗೇ ಇಟ್ಟುಕೊಂಡೆ. ಅವಳು ಡಬ್ಬಿ ಹಿಡಿದು ಬರುತ್ತಾ ದಾರಿಯುದ್ದಕ್ಕೂ ಗಟ್ಟಿಯಾಗಿ ಬೈಯುತ್ತಿದ್ದಳು.